ಸೆಕೆಂಡಿಗೊಂದು ಮುಳ್ಳು

ಕಸುಬು ಬಿಟ್ಟು ಎರಡು ವರ್ಷವಾಯಿತು. ತಿ. ನರಸೀಪುರದಲ್ಲಿದ್ದ ನನ್ನ ಶೆಡ್ಡಿನ ಬೀಗದ ಕೈ ಈಗ ಬೇರೆಯವರ ಜೇಬಿನಲ್ಲಿದೆ. ನಾನು ನಂಜನಗೂಡಿನ ಮನೆಯಲ್ಲಿ ಬೆಳಗ್ಗೆ ಎರಡು ಲೋಟ ಕಾಫಿ ಕುಡಿದು, ಹೊಳೆಯ ಕಡೆ ಒಂದು ಸುತ್ತು ನಡೆದು ಬಂದು, ಪೇಪರಿನ ಮೂಲೆ ಮೂಲೆ ಓದುವ ಸುಖದಲ್ಲಿದ್ದೇನೆ. ಆದರೆ ಐಟಿಐ ಮುಗಿಸಿ ಹೊಸದಾಗಿ ಈ ಕೆಲಸಕ್ಕೆ ಇಳಿದವರು ಬಿಡಬೇಕಲ್ಲ. ಯಾವುದೋ ಗಾಡಿಗೆ ಆಸಿಲೋಸ್ಕೋಪ್ ಸಿಕ್ಕಿಸಿ, ಪರದೆಯ ಮೇಲೆ ಮೂಡಿದ ಗೆರೆಯ ಫೋಟೊ ತೆಗೆದು ನನ್ನ ಮೊಬೈಲಿಗೆ ಕಳಿಸಿ, “ಸಾ, ಇದೇನ್ ಪ್ರಾಬ್ಲಂ?” ಎಂದು ಕೇಳುತ್ತಾರೆ. ಜಾತಕ ಕಳಿಸಿ ಮದುವೆ ಯಾವಾಗ ಎಂದು ಕೇಳಿದ ಹಾಗೆ.

ನಾನು ಮೂರು ಪ್ರಶ್ನೆ ತಿರುಗಿಸಿ ಕೇಳುತ್ತೇನೆ. ಗಾಡಿ ಯಾವುದು? ಎಲ್ಲಿ, ಯಾವ ಹೊತ್ತಿನಲ್ಲಿ ಕೈಕೊಡುತ್ತದೆ? ಓಡಿಸುವವರು ಏನು ಹೇಳಿದರು? ಮೊದಲೆರಡಕ್ಕೆ ಉತ್ತರ ಸಿಗುತ್ತದೆ. ಮೂರನೆಯದಕ್ಕೆ ಮಾತ್ರ, ಅವರಿಗೇನು ಗೊತ್ತಾಗುತ್ತದೆ, ಮಿಷನ್ನೇ ಹೇಳುತ್ತದಲ್ಲ ಎನ್ನುತ್ತಾರೆ. ಒಂದು ಕಾಲಕ್ಕೆ ನಾನೂ ಹಾಗೇ ಅಂದುಕೊಂಡಿದ್ದೆ. ಅದರಿಂದ ಮೂಗೂರಿನ ಒಬ್ಬ ಹೆಣ್ಣುಮಗಳ ಅನ್ನಕ್ಕೆ ಕಲ್ಲು ಬೀಳುವುದರಲ್ಲಿತ್ತು. ಅದನ್ನು ಬರೆದಿಡೋಣ ಎಂದು ಕುಳಿತಿದ್ದೇನೆ. ದಾರಿಯಲ್ಲಿ ಬೇರೆ ಮಾತುಗಳೂ ಬರುತ್ತವೆ, ವಯಸ್ಸಾದವನು ಎಂದು ಸಹಿಸಿಕೊಳ್ಳಿ.

ನಾನು ಆಟೋ ಎಲೆಕ್ಟ್ರಿಷಿಯನ್, ಮೆಕ್ಯಾನಿಕ್ ಅಲ್ಲ. ನಮ್ಮ ಜನಕ್ಕೆ ಈ ವ್ಯತ್ಯಾಸ ಕೊನೆಯವರೆಗೂ ತಿಳಿಯಲಿಲ್ಲ. ಮೆಕ್ಯಾನಿಕ್‌ನ ಕೈಯಲ್ಲಿ ಗ್ರೀಸ್ ಇರುತ್ತದೆ, ನಮ್ಮ ಕೈಯಲ್ಲಿ ಸುಟ್ಟ ಗುರುತು ಇರುತ್ತದೆ. ಗಾಡಿ ಕೆಟ್ಟರೆ ಅವನು ಕರೆಂಟಿನ ತೊಂದರೆ ಎನ್ನುತ್ತಾನೆ, ನಾವು ಎಂಜಿನ್ನಿನ ತೊಂದರೆ ಎನ್ನುತ್ತೇವೆ, ಗಾಡಿಯವನು ನಡುವೆ ನಿಂತು ಬೆವರು ಒರೆಸಿಕೊಳ್ಳುತ್ತಾನೆ. ನಲವತ್ತು ವರ್ಷ ನನ್ನ ಜೀವನ ಈ ಜಗಳದಲ್ಲೇ ಕಳೆಯಿತು. ಬೇಸರವೇನೂ ಇಲ್ಲ, ಚೆನ್ನಾಗಿಯೇ ಕಳೆಯಿತು.

ಕೆಲಸ ಕಲಿತದ್ದು ನಂಜನಗೂಡಿನಲ್ಲಿ, ಗಫಾರ್ ಉಸ್ತಾದರ ಅಂಗಡಿಯಲ್ಲಿ. ಆ ಅಂಗಡಿಯಲ್ಲಿದ್ದ ಉಪಕರಣ ಎಂದರೆ ಎರಡು ವೈರಿಗೆ ಕಟ್ಟಿದ ಒಂದು ಬಲ್ಬು, ಒಂದು ಕಟಿಂಗ್ ಪ್ಲೇಯರು ಮತ್ತು ಉಸ್ತಾದರ ಕಿವಿ. ಪ್ಲಗ್ಗಿನ ವೈರು ಕಿತ್ತು ಎಂಜಿನ್ನಿನ ಮೈಗೆ ಬೆರಳಗಲ ದೂರದಲ್ಲಿ ಹಿಡಿದರೆ ಚಟ್ ಚಟ್ ಎಂದು ಕಿಡಿ ಹಾರಬೇಕು. ನೀಲಿ ಕಿಡಿಯಾದರೆ ಗಾಡಿ ಗಟ್ಟಿ, ಕೆಂಪು ಕಿಡಿಯಾದರೆ ಕಿಡಿ ಹುಟ್ಟಿಸುವ ಕಾಯಿಲ್ ಸೊರಗಿದೆ ಎಂದು ಲೆಕ್ಕ. ಹಿಡಿಯುವಾಗ ಕೈ ತಪ್ಪಿದರೆ ಆ ಕಿಡಿ ಮೊಣಕೈವರೆಗೆ ಬಂದು ಮಾತಾಡಿಸಿ ಹೋಗುತ್ತಿತ್ತು. ಮೂರು ಸಲ ಶಾಕ್ ಹೊಡೆಸಿಕೊಳ್ಳದವನು ಎಲೆಕ್ಟ್ರಿಷಿಯನ್ನೇ ಅಲ್ಲ ಎಂಬುದು ಉಸ್ತಾದರ ಸಿದ್ಧಾಂತ. ನಾನು ಮೊದಲ ವಾರದಲ್ಲೇ ಪಾಸಾದೆ.

ಉಸ್ತಾದರಿಗೆ ಕೋಪ ಮೂಗಿನ ತುದಿಯಲ್ಲಿ. ಆದರೆ ಅಂಥ ಕಿವಿ ಇನ್ನೊಬ್ಬರಿಗೆ ಇದ್ದುದನ್ನು ನಾನು ಕಾಣೆ. ರಸ್ತೆಯಲ್ಲಿ ಹೋಗುತ್ತಿದ್ದ ಲಾರಿಯ ಸದ್ದು ಕೇಳಿ, ಅದರ ಡೈನಮೋ ಇನ್ನು ಎರಡು ದಿನ ಎಂದು ಹೇಳಿ ಚಹಾ ಹೀರುತ್ತಿದ್ದರು. ಮೂರನೆಯ ದಿನ ಆ ಲಾರಿ ಹಗ್ಗ ಕಟ್ಟಿಸಿಕೊಂಡು ನಮ್ಮ ಅಂಗಡಿಗೇ ಬರುತ್ತಿತ್ತು.

ಆಮೇಲೆ ಕಂಪ್ಯೂಟರ್ ಪೆಟ್ಟಿಗೆಯ ಗಾಡಿಗಳು ಬಂದವು. ಎಂಜಿನ್ನಿಗೆ ಯಾವಾಗ ಕಿಡಿ ಕೊಡಬೇಕು, ಎಷ್ಟು ಪೆಟ್ರೋಲು ಬಿಡಬೇಕು ಎಂಬುದನ್ನೆಲ್ಲ ಅಂಗೈಯಗಲದ ಒಂದು ಪೆಟ್ಟಿಗೆ ತೀರ್ಮಾನಿಸುವ ಗಾಡಿಗಳು. ಬ್ಯಾಂಕಿನ ಅಧಿಕಾರಿಯೊಬ್ಬರ ಹೊಸ ಕಾರು ಒಂದು ದಿನ ನಮ್ಮ ಅಂಗಡಿಗೆ ಬಂತು. ಉಸ್ತಾದರು ಅಭ್ಯಾಸಬಲದಿಂದ ವೈರು ಕಿತ್ತು ಕಿಡಿ ನೋಡಿದರು. ಒಂದೇ ಒಂದು ಸಲ. ಆ ಏಟಿಗೆ ಪೆಟ್ಟಿಗೆ ಸತ್ತುಹೋಯಿತು, ಗಾಡಿ ಮತ್ತೆ ಕೆಮ್ಮಲೂ ಇಲ್ಲ. ಉಸ್ತಾದರು ಬಾನೆಟ್ಟು ಮುಚ್ಚಿ, ಅದರ ಮೇಲೆ ಕೈಯಿಟ್ಟುಕೊಂಡು ತುಂಬ ಹೊತ್ತು ನಿಂತಿದ್ದರು. ಆಮೇಲೆ ನನ್ನ ಕಡೆ ತಿರುಗಿ, “ಪುಟ್ಟರಾಜು, ಇನ್ಮೇಲೆ ಇವು ನಮ್ ಗಾಡಿಗಳಲ್ಲ ಕಣಪ್ಪ” ಎಂದರು. ಬೈಗುಳವಿಲ್ಲದ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ನಮ್ಮ ಗಾಡಿಗಳಲ್ಲದಿದ್ದರೆ ನಮ್ಮದನ್ನಾಗಿ ಮಾಡಿಕೊಳ್ಳಬೇಕು ಎಂಬ ಹಟ ಅವತ್ತೇ ಹುಟ್ಟಿರಬೇಕು.

ಮುಂದೆ ನರಸೀಪುರದಲ್ಲಿ ನನ್ನದೇ ಶೆಡ್ಡು ಹಾಕಿದೆ. ಮೈಸೂರಿನಲ್ಲಿ ಟಿವಿ ರಿಪೇರಿಯವರೊಬ್ಬರು ಅಂಗಡಿ ಮುಚ್ಚುತ್ತಿದ್ದಾರೆ, ಅವರಲ್ಲಿ ಒಂದು ಹಳೆಯ ಆಸಿಲೋಸ್ಕೋಪ್ ಇದೆ ಎಂದು ಯಾರೋ ಹೇಳಿದರು. ಕರೆಂಟನ್ನು ಗೆರೆಯಾಗಿ ಬರೆದು ತೋರಿಸುವ ಯಂತ್ರ ಎಂಬುದಷ್ಟೇ ನನಗೆ ಗೊತ್ತಿದ್ದದ್ದು. ಹೋಗಿ ತಂದೆ. ಅಕ್ಕಿ ಚೀಲದಷ್ಟು ಭಾರ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕುಳಿತರೆ ಪಕ್ಕದ ಅಜ್ಜಿ, ಇಷ್ಟು ಚಿಕ್ಕ ಟಿವಿಯಲ್ಲಿ ಮುಖ ಕಾಣುತ್ತದೆಯೇ ಎಂದು ವಿಚಾರಿಸಿದರು. ಉಸ್ತಾದರೂ ಒಮ್ಮೆ ನೋಡಲು ಬಂದರು. “ಏನ್ಲಾ, ಟಿವಿ ನೋಡ್ಕಂಡು ಗಾಡಿ ರಿಪೇರಿ ಮಾಡ್ತೀಯಾ?” ಎಂದು ಕೇಳಿ, ಹಸಿರು ಗೆರೆ ಕುಣಿಯುವುದನ್ನು ಅರ್ಧ ಗಂಟೆ ಕಣ್ಣು ಮಿಟುಕಿಸದೆ ನೋಡಿ ಹೊರಟುಹೋದರು.

ಆ ಯಂತ್ರ ನನ್ನ ಕೈಯಲ್ಲಿ ಬದುಕಿದ್ದು ಹನ್ನೊಂದು ದಿನ. ಪ್ಲಗ್ಗಿಗೆ ಹೋಗುವ ಕರೆಂಟಿನ ಚಿತ್ರ ನೋಡೋಣ ಎಂದು, ನಡುವೆ ಯಾವ ರಕ್ಷಣೆಯೂ ಇಲ್ಲದೆ ಅದರ ಮೂತಿಯನ್ನು ಪ್ಲಗ್ಗಿನ ವೈರಿಗೆ ಒತ್ತಿದೆ. ಅಲ್ಲಿ ಹರಿಯುವುದು ಸಾವಿರಗಟ್ಟಲೆ ವೋಲ್ಟು. ಒಂದು ಸಣ್ಣ ಟಪ್ ಎಂಬ ಸದ್ದು, ಆಮೇಲೆ ಹೊಗೆ. ಎದುರಿನ ಟೀ ಅಂಗಡಿಯವರು ಬಕೆಟ್ಟಿನಲ್ಲಿ ನೀರು ಹಿಡಿದು ಓಡಿಬಂದರು. ಆ ನೀರು ಯಂತ್ರದ ಮೇಲೆ ಬೀಳಲಿಲ್ಲ, ನನ್ನ ಮೇಲೆ ಬಿತ್ತು.

ಆ ಸ್ಕೋಪನ್ನು ರಿಪೇರಿ ಮಾಡಿಸಿ ತಂದ ಮೇಲೆ, ಅದನ್ನು ಮುಟ್ಟಲೇ ಭಯವಾಗಿ ಮೂಲೆಯಲ್ಲಿಟ್ಟಿದ್ದೆ. ಒಂದು ದಿನ ಸೋಮನಾಥಪುರದ ಗುಡಿ ನೋಡಿಕೊಂಡು ಬರುತ್ತಿದ್ದ ವಸಂತಕುಮಾರಿ ಎಂಬ ಮೇಡಂ ಅವರ ಕಾರು ಕೆಟ್ಟು ನನ್ನ ಶೆಡ್ಡಿಗೆ ಬಂತು. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡಿ ನಿವೃತ್ತರಾದವರು. ಕಾರಿನ ಕಡೆ ನೋಡುವುದನ್ನು ಬಿಟ್ಟು ಮೂಲೆಯ ಸ್ಕೋಪಿನ ಮೇಲೆ ಬಿದ್ದಿದ್ದ ಧೂಳು ನೋಡಿದರು. ಯಾಕ್ರೀ ಇದನ್ನ ಹೀಗಿಟ್ಟಿದ್ದೀರಿ ಎಂದು, ನಾಯಿಮರಿಗೆ ಊಟ ಹಾಕಿಲ್ಲ ಎಂಬಂತೆ ಗದರಿದರು. ಕುರ್ಚಿ ಎಳೆದುಕೊಂಡು ಕುಳಿತು ಪಾಠ ಶುರುಮಾಡಿದರು. ಎಡದಿಂದ ಬಲಕ್ಕೆ ಹೋಗುವುದು ಕಾಲ, ಕೆಳಗಿನಿಂದ ಮೇಲಕ್ಕೆ ಏರುವುದು ವೋಲ್ಟೇಜು. ನಿಮ್ಮ ಬಲ್ಬು ಕರೆಂಟು ಇದೆಯೋ ಇಲ್ಲವೋ ಅಷ್ಟೇ ಹೇಳುತ್ತದೆ, ಇದು ಕರೆಂಟು ಹೇಗೆ ಬಂತು, ಎಲ್ಲಿ ಎಡವಿತು, ಹೇಗೆ ಹೋಯಿತು ಎಂದು ಹೇಳುತ್ತದೆ. ನಾನು ತಲೆಯಾಡಿಸಿದೆ. ಹಾಗಾದರೆ ಕೆಟ್ಟ ಗಾಡಿಗಳ ಚಿತ್ರ ನೋಡುತ್ತ ಹೋದರೆ ಕಲಿಯಬಹುದಲ್ಲ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಆರೋಗ್ಯ ಹೇಗಿರುತ್ತೆ ಅಂತ ಗೊತ್ತಿಲ್ಲದೆ ರೋಗ ಹೇಗ್ರೀ ಗುರುತು ಹಿಡೀತೀರಾ? ಮೊದಲು ನೂರು ಒಳ್ಳೆ ಗಾಡಿ ನೋಡಿ.”

ನೋಡಿದೆ. ಟೀ ಕುಡಿಯಲು ನಿಲ್ಲಿಸಿದವರ ಗಾಡಿ, ಮದುವೆಗೆ ಹೊರಟವರ ಗಾಡಿ, ಸುತ್ತೂರಿನ ಕಡೆಗೆ ಹೋಗುವ ಮೇಷ್ಟರುಗಳ ಗಾಡಿ, ಎಲ್ಲವನ್ನೂ ಕೈಮುಗಿದು ನಿಲ್ಲಿಸಿ, ಐದು ನಿಮಿಷ ಕೊಡಿ ಎಂದು ಬೇಡಿ, ಗೆರೆಗಳನ್ನು ಡ್ರಾಯಿಂಗ್ ಪುಸ್ತಕದಲ್ಲಿ ಬರೆದುಕೊಂಡೆ. ಚೆನ್ನಾಗಿರುವ ಗಾಡಿಗೆ ಸೂಜಿ ಚುಚ್ಚುವ ಹುಚ್ಚ ಎಂದು ಸುದ್ದಿಯಾಯಿತು. ಆಮೇಲೆ ಆ ಹುಚ್ಚೇ ಹೆಸರಾಯಿತು. ನರಸೀಪುರದ ಸುತ್ತ ಹತ್ತು ಹಳ್ಳಿಯಲ್ಲಿ ನಾನು ಇಸಿಜಿ ಪುಟ್ಟರಾಜು. ಒಬ್ಬ ಯಜಮಾನರಂತೂ ಪರದೆ ನೋಡಿ ಗಾಬರಿಯಾಗಿ, ನನ್ನನ್ನು ಪಕ್ಕಕ್ಕೆ ಕರೆದು, ಹಾರ್ಟಿನ ತೊಂದರೆಯಾದರೆ ಮನೆಯಲ್ಲಿ ಹೆಂಗಸರ ಮುಂದೆ ಹೇಳಬೇಡ, ಆ ಜೀಪಿನ ಮೇಲೆ ಅವರಿಗೆ ಜೀವ ಎಂದು ಕೇಳಿಕೊಂಡಿದ್ದರು.

ಆ ಜೀಪಿನ ಕಥೆಯನ್ನೂ ಹೇಳಿಬಿಡುತ್ತೇನೆ. ಎಂಜಿನ್ನು ಕುಂಟುತ್ತಿತ್ತು. ಮೂರು ಕಡೆ ತೋರಿಸಿ ಪ್ಲಗ್ಗು, ಕಾಯಿಲು ಎಲ್ಲ ಬದಲಾಯಿಸಿ ನನ್ನ ಹತ್ತಿರ ತಂದಿದ್ದರು. ಜೊತೆಯಲ್ಲಿ ಅವರ ಮೆಕ್ಯಾನಿಕ್ ಮಾದಪ್ಪನೂ ಬಂದಿದ್ದ. ನಾನು ಬ್ಯಾಟರಿಯ ದಪ್ಪ ವೈರಿಗೆ ಚಿಮಟದಂಥ ಒಂದು ಕ್ಲ್ಯಾಂಪು ಹಾಕಿ, ಎಂಜಿನ್ನು ಹೊತ್ತಿಕೊಳ್ಳದಂತೆ ಮಾಡಿ, ಬರೀ ಸೆಲ್ಫು ತಿರುಗಿಸಲು ಹೇಳಿದೆ. ಸೆಲ್ಫಿನ ಮೋಟಾರು ಒಂದೊಂದು ಸಿಲಿಂಡರನ್ನು ಒತ್ತುವಾಗಲೂ ಕರೆಂಟನ್ನು ಜಾಸ್ತಿ ಎಳೆಯುತ್ತದೆ. ನಾಲ್ಕು ಸಿಲಿಂಡರಿಗೆ ಪರದೆಯ ಮೇಲೆ ನಾಲ್ಕು ಗುಡ್ಡ ಮೂಡಬೇಕು. ಮೂರು ಗುಡ್ಡ ಎದ್ದವು, ನಾಲ್ಕನೆಯದು ದಿಣ್ಣೆ. ಒಂದು ಸಿಲಿಂಡರಿನಲ್ಲಿ ಒತ್ತಡವೇ ಇಲ್ಲ, ಒಳಗೆ ವಾಲ್ವು ಸುಟ್ಟಿದೆ, ಇದು ಕರೆಂಟಿನ ಕೆಲಸವಲ್ಲ ಎಂದೆ. ಎಂಜಿನ್ನು ಬಿಚ್ಚದೆ ಹೊರಗೆ ನಿಂತು ವಾಲ್ವು ನೋಡಿದವರು ಭೂಮಿಯ ಮೇಲೆ ಯಾರೂ ಇಲ್ಲ ಎಂದು ಮಾದಪ್ಪ ನಕ್ಕ. ಸುಟ್ಟಿದ್ದರೆ ಮೀಸೆ ಬೋಳಿಸುತ್ತೇನೆ ಎಂದ. ನಾಲ್ಕು ದಿನ ಬಿಟ್ಟು ಒಬ್ಬ ಅಪರಿಚಿತ ಬಂದು ನನ್ನ ಶೆಡ್ಡಿನ ಮುಂದೆ ನಿಂತ. ಬಾಯಿ ಬಿಟ್ಟ ಮೇಲೆಯೇ ಮಾದಪ್ಪ ಎಂದು ಗೊತ್ತಾದದ್ದು.

ಇಂಥವು ಐದಾರು ಆದವು. ಗೆದ್ದವನಿಗೆ ಕೊಂಬು ಮೂಡುವುದು ಸಹಜ, ನನಗೂ ಮೂಡಿತು. ಹಳೆಯ ಭಾರದ ಯಂತ್ರ ಹೋಗಿ ಸ್ಲೇಟಿನಷ್ಟು ಗಾತ್ರದ ಹೊಸದು ಬಂದಿತ್ತು. ಗಾಡಿಯವರು ಮಾತಾಡಲು ಬಾಯಿ ತೆರೆದರೆ, ನೀವು ಸುಮ್ಮನಿರಿ, ಅದೇ ಹೇಳುತ್ತದೆ ಎಂದು ಕೈಯೆತ್ತಿ ನಿಲ್ಲಿಸುತ್ತಿದ್ದೆ. ಭಾಗ್ಯಮ್ಮನವರನ್ನೂ ಹಾಗೇ ನಿಲ್ಲಿಸಿದೆ.

ಭಾಗ್ಯಮ್ಮ ಮೂಗೂರಿನವರು. ಹಳೆಯದೊಂದು ವ್ಯಾನು ಕೊಂಡು, ಊರಿನ ಹತ್ತು ಹನ್ನೆರಡು ಮಕ್ಕಳನ್ನು ನರಸೀಪುರದ ಸ್ಕೂಲಿಗೆ ಕರೆತಂದು ವಾಪಸು ಬಿಡುತ್ತಿದ್ದರು. ಹೆಂಗಸು ಏನು ಓಡಿಸುತ್ತಾಳೆ ಎಂದು ಶುರುವಿನಲ್ಲಿ ನಕ್ಕವರೇ, ಆರು ವರ್ಷದಲ್ಲಿ, ನಮ್ಮ ಮಗುವಿಗೂ ಒಂದು ಜಾಗ ಮಾಡಿಕೊಡಮ್ಮ ಎಂದು ಮನೆ ಬಾಗಿಲಿಗೆ ಹೋಗುತ್ತಿದ್ದರು. ಆ ವ್ಯಾನು ಬೆಳಗಿನ ಹೊತ್ತು ದಾರಿಯಲ್ಲಿ ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು. ಎಲ್ಲ ಸ್ವಿಚ್ಚು ಆರಿಸಿ, ಕೈಮುಗಿದು, ಮತ್ತೆ ಕೀ ತಿರುಗಿಸಿದರೆ ಏನೂ ಆಗದ ಹಾಗೆ ಹೊರಡುತ್ತಿತ್ತು. ಒಂದು ವಾರ ನಿಲ್ಲುವುದಿಲ್ಲ, ಮರುವಾರ ಎರಡು ಸಲ ನಿಲ್ಲುತ್ತದೆ.

ನನ್ನ ಶೆಡ್ಡಿಗೆ ಬಂದರೆ ಆ ವ್ಯಾನಿನಷ್ಟು ಒಳ್ಳೆಯ ವ್ಯಾನು ಜಿಲ್ಲೆಯಲ್ಲಿ ಇಲ್ಲ. ಸ್ಕೋಪು ಹಾಕಿದರೆ ಗೆರೆ ಪುಸ್ತಕದಲ್ಲಿ ಬರೆದ ಹಾಗೆ. ಮೊದಲ ಸಲ, ಎಂಜಿನ್ನಿನ ಸುತ್ತು ಎಣಿಸುವ ಸೆನ್ಸರು ಬದಲಾಯಿಸಿ, ಸರಿಯಾಯಿತು ಹೋಗಿ ಎಂದೆ. ಎರಡನೆಯ ಸಲ ಎಂಜಿನ್ನಿಗೆ ಪೆಟ್ರೋಲು ನೂಕುವ ಪಂಪಿನ ರಿಲೇ ಬದಲಾಯಿಸಿ ಅದೇ ಮಾತು ಹೇಳಿದೆ. ಮೂರನೆಯ ಸಲ ಬಂದಾಗ ನನಗೆ ರೇಗಿತು. ಕ್ಲಚ್ಚು ಬಿಡುವುದರಲ್ಲಿ ಏನೋ ಎಡವಟ್ಟು ಮಾಡುತ್ತೀರಿ ಎಂದು ಮುಖಕ್ಕೇ ಹೇಳಿದೆ. ಅವರು ಏನೋ ಹೇಳಲು ಹೊರಟಿದ್ದರು, ನಾನು ಕೇಳಲಿಲ್ಲ.

ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಮೂಗೂರಿನ ಹಿರಿಯರು ಶಿವಮಲ್ಲಪ್ಪ ಎಂಬುವರು, ಅವರ ಇಬ್ಬರು ಮೊಮ್ಮಕ್ಕಳು ಅದೇ ವ್ಯಾನಿನಲ್ಲಿ ಬರುತ್ತಿದ್ದವು. ಅವರು ಟೀ ಅಂಗಡಿಯಲ್ಲಿ ನನ್ನನ್ನು ಕಂಡು ಆ ಗಾಡಿಗೆ ಏನಾಗಿದೆ ಎಂದು ಕೇಳಿದರು. ನನ್ನ ಮಿಷನ್ನಿನ ಮರ್ಯಾದೆ ಉಳಿಯಬೇಕಲ್ಲ, ಗಾಡಿಯಲ್ಲಿ ಏನೂ ಇಲ್ಲ, ದೋಷ ಇದ್ದರೆ ಓಡಿಸುವವರಲ್ಲಿ ಇರಬೇಕು ಎಂದುಬಿಟ್ಟೆ. ಟೀ ಲೋಟ ಕೆಳಗಿಡುವಷ್ಟರಲ್ಲಿ ಆ ಮಾತು ಮರೆತೆ. ಆದರೆ ಮಾತು ಮೂಗೂರಿನ ಬಸ್ಸು ಹತ್ತಿತ್ತು.

ಒಂದು ಶುಕ್ರವಾರ ಮಧ್ಯಾಹ್ನ ಭಾಗ್ಯಮ್ಮ ಶೆಡ್ಡಿನ ಮುಂದೆ ವ್ಯಾನು ನಿಲ್ಲಿಸಿ ಇಳಿದು ಬಂದರು. ಆ ದಿನ ಬೆಳಗ್ಗೆ ವ್ಯಾನು ತಿರುವಿನಲ್ಲಿ ನಿಂತು, ಹಿಂದೆ ಕಬ್ಬಿನ ಟ್ರ್ಯಾಕ್ಟರು ಬಂದು, ಮಕ್ಕಳು ಹೆದರಿ ಅತ್ತಿದ್ದವಂತೆ. ಪೋಷಕರೆಲ್ಲ ಸೇರಿ, ಸೋಮವಾರದಿಂದ ಬೇರೆ ವ್ಯಾನು ಎಂದು ತೀರ್ಮಾನ ಮಾಡಿದ್ದರು.

“ಓಡಿಸೋಳಲ್ಲಿ ದೋಷ ಅದೆ ಅಂತ ನೀವೇ ಅಂದ್ರಂತಲ್ಲಣ್ಣ,” ಎಂದರು. ದನಿ ಏರಿಸಲಿಲ್ಲ. “ಆರು ವರ್ಸದಿಂದ ಆ ಕೂಸ್ಗಳ ನನ್ ಮಕ್ಳಂಗೆ ತಂದು ಬುಟ್ಟಿವ್ನಿ. ನಾಳೆ ಒಂದಿನ ನೀವೇ ಬಂದು ಪಕ್ದಲ್ಲಿ ಕೂತ್ಕಳಿ. ನಾನ್ ಓಡ್ಸೋದ ನೋಡಿ. ಆಮೇಲೆ ಏನಾರ ಏಳಿ, ಕೇಳ್ತೀನಿ.”

ನನಗೆ ಮುಖ ಎತ್ತಲಾಗಲಿಲ್ಲ. ನನ್ನ ಒಂದು ಹಗುರ ಮಾತಿಗೆ ಆಕೆಯ ಆರು ವರ್ಷದ ಹೆಸರು ಹೋಗುವುದರಲ್ಲಿತ್ತು. ಬರುತ್ತೇನೆ ಎಂದೆ.

ಶನಿವಾರ ಮೊದಲ ಬಸ್ಸಿಗೇ ಮೂಗೂರಿಗೆ ಹೋದೆ. ಆ ವ್ಯಾನಿನ ಕಂಪ್ಯೂಟರ್ ಪೆಟ್ಟಿಗೆ ಡ್ಯಾಶ್‌ಬೋರ್ಡಿನ ಕೆಳಗೇ ಇತ್ತು. ಸುತ್ತು ಎಣಿಸುವ ಸೆನ್ಸರಿನ ವೈರು ಆ ಪೆಟ್ಟಿಗೆಗೆ ಸೇರುವ ಕಡೆ ಎರಡು ಸೂಜಿ ಸಿಕ್ಕಿಸಿ, ಸ್ಕೋಪನ್ನು ತೊಡೆಯ ಮೇಲೆ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕುಳಿತೆ. ಮಕ್ಕಳು ಹತ್ತಿದವು. ತಾತ, ಇದರಲ್ಲಿ ಕ್ರಿಕೆಟ್ ಬರುತ್ತದಾ ಎಂದು ವಿಚಾರಣೆಯಾಯಿತು. ಬರುವುದಿಲ್ಲ ಎಂದು ತಿಳಿದ ಮೇಲೆ ನನ್ನ ಮೇಲಿನ ಗೌರವ ಅರ್ಧ ಇಳಿಯಿತು.

ಭಾಗ್ಯಮ್ಮ ಓಡಿಸುವುದನ್ನು ನೋಡಿದೆ. ತಿರುವಿಗೆ ಮೊದಲೇ ಹಾರನ್ನು, ಉಬ್ಬಿನ ಮೇಲೆ ಮೊಟ್ಟೆ ಇಟ್ಟರೂ ಒಡೆಯದಂಥ ನಿಧಾನ, ಕಾಲಿನಲ್ಲಿ ಒಂದಿಷ್ಟೂ ಆತುರವಿಲ್ಲ. ಕ್ಲಚ್ಚಿನ ಬಗ್ಗೆ ಆಡಿದ್ದ ಮಾತು ನೆನಪಾಗಿ ಹೊರಗೆ ಗದ್ದೆ ನೋಡತೊಡಗಿದೆ. ಸ್ಕೋಪಿನ ಮೇಲೆ ಸೆನ್ಸರಿನ ಅಲೆಗಳು ಒಂದರ ಹಿಂದೆ ಒಂದು, ಸಾಲಾಗಿ, ಸುಖವಾಗಿ ಹೋಗುತ್ತಿದ್ದವು.

ಊರು ದಾಟುತ್ತಿದ್ದಂತೆ ಹಿಂದಿನ ಸೀಟುಗಳಿಂದ ಒಟ್ಟಿಗೆ ಕೂಗು ಬಂತು. “ಆಂಟೀ, ಅಮ್ಮನ ಲೈಟು.” ಡ್ಯಾಶ್‌ಬೋರ್ಡಿನ ಮೇಲೆ ದೇವಿಯ ಚಿಕ್ಕ ಪಟ, ಅದರ ಸುತ್ತ ಕೆಂಪು ಹಸಿರು ಸೀರಿಯಲ್ ಲೈಟು ಇತ್ತು. ಮಕ್ಕಳು ಕೇಳಿದಾಗ ಮಾತ್ರ ಹಾಕುತ್ತೇನೆ, ಒಬ್ಬಳೇ ಇದ್ದಾಗ ಬ್ಯಾಟರಿ ಯಾಕೆ ದಂಡ ಎಂದು ನಗುತ್ತ ಭಾಗ್ಯಮ್ಮ ಸ್ವಿಚ್ಚು ಒತ್ತಿದರು. ಲೈಟು ಮಿನುಗತೊಡಗಿತು.

ನನ್ನ ತೊಡೆಯ ಮೇಲೆ ಸಾಲಾಗಿ ಹೋಗುತ್ತಿದ್ದ ಅಲೆಗಳ ನಡುವೆ ಒಂದು ಮುಳ್ಳು ಎದ್ದಿತು. ಚೂಪಾದ, ತೆಳ್ಳಗಿನ ಮುಳ್ಳು. ಸೆಕೆಂಡು ಬಿಟ್ಟು ಇನ್ನೊಂದು. ಮತ್ತೆ ಸೆಕೆಂಡು ಬಿಟ್ಟು ಇನ್ನೊಂದು. ಸ್ವಲ್ಪ ಜೋರಾಗಿ ಓಡಿಸಿ ಎಂದೆ. ಅಲೆಗಳು ಒತ್ತೊತ್ತಾಗಿ ಓಡಿದವು, ಮುಳ್ಳು ಮಾತ್ರ ತನ್ನ ಪಾಡಿಗೆ ಸೆಕೆಂಡಿಗೊಂದರಂತೆ ಏಳುತ್ತಿತ್ತು. ಕಲಿಯುವವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಎಂಜಿನ್ನಿನ ತೊಂದರೆಯಾದರೆ ಎಂಜಿನ್ನು ಜೋರಾದಾಗ ಅದೂ ಜೋರಾಗಬೇಕು. ಇದು ಹೊರಗಿನಿಂದ ಬಂದ ನೆಂಟ. ಲೈಟು ಆರಿಸಿ ಎಂದೆ, ಮುಳ್ಳು ಹೋಯಿತು. ಹಾಕಿ ಎಂದೆ, ಬಂತು. ಮಕ್ಕಳಿಗೆ ಇದು ಕ್ರಿಕೆಟ್ಟಿಗಿಂತ ಚೆನ್ನಾಗಿ ಕಂಡು, ಹಾಕಿ, ಆರಿಸಿ ಎಂದು ಕೂಗತೊಡಗಿದವು. ಐದನೆಯ ಸಲಕ್ಕೋ ಆರನೆಯ ಸಲಕ್ಕೋ ಒಂದು ಮುಳ್ಳು ಸ್ವಲ್ಪ ಎತ್ತರಕ್ಕೇ ಎದ್ದು, ಪೆಟ್ಟಿಗೆಗೆ ಸುತ್ತಿನ ಲೆಕ್ಕ ತಪ್ಪಿ, ವ್ಯಾನು ಗಪ್ಪೆಂದು ನಿಂತಿತು. ಭಾಗ್ಯಮ್ಮ ಅದೇ ಓಟದಲ್ಲಿ ಗಾಡಿಯನ್ನು ನಾಜೂಕಾಗಿ ರಸ್ತೆಯ ಪಕ್ಕಕ್ಕೆ ಇಳಿಸಿದರು. ನಾನು ಸಂತೋಷಕ್ಕೆ ಚಪ್ಪಾಳೆ ತಟ್ಟಿದೆ. ಕೆಟ್ಟು ನಿಂತ ಗಾಡಿಯಲ್ಲಿ ಕುಳಿತು ಚಪ್ಪಾಳೆ ತಟ್ಟುವವನನ್ನು ಆಕೆ ಹೇಗೆ ನೋಡಬೇಕೋ ಹಾಗೆ ನೋಡಿದರು.

ಮಕ್ಕಳನ್ನು ಇಳಿಸಿ, ಸ್ಕೂಲಿನ ಹೊರಗೆ ಬೇವಿನ ಮರದ ನೆರಳಲ್ಲಿ ಡ್ಯಾಶ್‌ಬೋರ್ಡಿನ ಕೆಳಗಿನ ಮುಚ್ಚಳ ಬಿಚ್ಚಿದೆ. ಭಾಗ್ಯಮ್ಮ ಟೀ ತರಲು ಹೋಗಿದ್ದರು. ಸೀರಿಯಲ್ ಲೈಟಿನ ಕಪ್ಪು ವೈರನ್ನು ಹಿಡಿದುಕೊಂಡು ಹೋದೆ. ಅದು ಹೋಗಿ ಪೆಟ್ಟಿಗೆಯ ಹತ್ತಿರದ ಇನ್ನೊಂದು ಕಪ್ಪು ವೈರಿಗೆ ಸೇರಿತ್ತು. ಟೇಪು ಬಿಚ್ಚಿದರೆ ಒಳಗೆ ಹಸಿರು ಕಿಲುಬು. ಕಿಲುಬು ಕೆರೆದರೆ ಜಾಯಿಂಟು ಕಂಡಿತು. ಎಡಕ್ಕೆ ಮೂರು ಸುತ್ತು, ತುದಿ ಹಿಂದಕ್ಕೆ ಮಡಿಸಿ ಮತ್ತೆ ಒಂದು ಸುತ್ತು. ನಮ್ಮ ಕಸುಬಿನಲ್ಲಿ ಪ್ರತಿಯೊಬ್ಬನ ಜಾಯಿಂಟೂ ಅವನ ಸಹಿ ಇದ್ದ ಹಾಗೆ. ಇದು ನನ್ನ ಸಹಿ.

ನಾಲ್ಕು ವರ್ಷದ ಹಿಂದಿನ ಆಯುಧಪೂಜೆ ನೆನಪಾಯಿತು. ಹಿಂದಿನ ದಿನ ಶೆಡ್ಡಿನ ಮುಂದೆ ಗಾಡಿಗಳ ಸಾಲು. ಎಲ್ಲರಿಗೂ ಪೂಜೆಯ ಹೊತ್ತಿಗೆ ಲೈಟು ಮಿನುಗಬೇಕು. ಕಪ್ಪು ವೈರು ಎಂದರೆ ಅರ್ತು, ಅಂದರೆ ಕರೆಂಟು ಮರಳುವ ದಾರಿ, ಎಲ್ಲಿ ಕಂಡರೂ ಸೇರಿಸು ಎಂಬುದು ಹಳೆಯ ಗಾಡಿಗಳ ಪಾಠ. ಹೊಸ ಗಾಡಿಗಳಲ್ಲಿ ಸೆನ್ಸರಿಗೆಂದೇ ಬೇರೆ ಕಪ್ಪು ವೈರು ಇರುತ್ತದೆ, ಅದನ್ನು ಮುಟ್ಟಬಾರದು. ಅದು ನನಗೆ ಗೊತ್ತಿತ್ತು. ಅವತ್ತಿನ ಆತುರದಲ್ಲಿ ಕೈಗೆ ಗೊತ್ತಿರಲಿಲ್ಲ. ಪ್ರತಿವರ್ಷ ಆಯುಧಪೂಜೆಗೆ ಒಳಗೂ ಹೊರಗೂ ಬಕೆಟ್ಟುಗಟ್ಟಲೆ ನೀರು ಸುರಿದು ತೊಳೆಯುವುದು ನಮ್ಮ ಕಡೆಯ ಪದ್ಧತಿ. ಆ ನೀರು ಇಳಿದು ಇಳಿದು ಜಾಯಿಂಟು ಕಿಲುಬು ಹಿಡಿದು ಈಗ ಕೈಕೊಟ್ಟಿತ್ತು.

ವೈರು ಕೈಯಲ್ಲಿ ಹಿಡಿದುಕೊಂಡು ಕುಳಿತೇ ಇದ್ದೆ. ನಾಚಿಕೆಯಾಯಿತು ಎಂದರೆ ಸಾಲದು, ಆ ಮರದ ಬೇರಿನಡಿ ಸೇರಿಕೊಳ್ಳೋಣ ಎನ್ನಿಸಿತು. ಭಾಗ್ಯಮ್ಮ ಟೀ ತಂದು, ಏನಾದರೂ ಸಿಕ್ಕಿತೇ ಎಂದು ಕೇಳಿದರು. ಸಿಕ್ಕಿತು, ಊರಿಗೆ ಹೋಗಿ ಎಲ್ಲರ ಮುಂದೆ ಹೇಳುತ್ತೇನೆ ಎಂದೆ. ಸೆನ್ಸರಿನ ವೈರನ್ನು ಬೆಸುಗೆ ಹಾಕಿ ಸರಿಮಾಡಿ, ಲೈಟಿನ ಅರ್ತನ್ನು ಬಾಡಿಯ ಬೋಲ್ಟಿಗೆ ಬಿಗಿದೆ. ಮಧ್ಯಾಹ್ನ ಮಕ್ಕಳನ್ನು ತುಂಬಿಕೊಂಡು ಲೈಟು ಹಾಕಿಕೊಂಡೇ ಹೊರಟೆವು. ಪರದೆಯ ಮೇಲೆ ಒಂದು ಮುಳ್ಳೂ ಏಳಲಿಲ್ಲ.

ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಓಡಾಡುತ್ತಿದ್ದದ್ದು ಇಲಿ. ನಮ್ಮ ಕಸುಬಿಗೆ ಇಲಿ ಆಪದ್ಬಾಂಧವ. ಕಾರಣ ತಿಳಿಯದಿದ್ದಾಗ, ನಮ್ಮದೇ ತಪ್ಪಾದಾಗ, ಇಲಿ ವೈರು ಕಡಿದಿತ್ತು ಎಂದರೆ ಗಾಡಿಯವರು ಇಲಿಯನ್ನು ಬೈದುಕೊಂಡು ಹೋಗುತ್ತಾರೆ. ಇಲಿ ಬಂದು ಇಲ್ಲ ಎನ್ನುವುದಿಲ್ಲ. ಇಲಿ ಎಂದರೂ ಭಾಗ್ಯಮ್ಮನ ವ್ಯಾನು ಉಳಿಯುತ್ತಿತ್ತು, ನನ್ನ ಹೆಸರೂ ಉಳಿಯುತ್ತಿತ್ತು.

ಮೂಗೂರಿನ ಸ್ಟಾಪಿನಲ್ಲಿ ಏಳೆಂಟು ಜನ ಪೋಷಕರು ಕಾಯುತ್ತಿದ್ದರು. ಮುಂದೆ ಶಿವಮಲ್ಲಪ್ಪನವರು. ಇಳಿಯುತ್ತಿದ್ದಂತೆ ಅವರೇ ಕೇಳಿದರು. “ಏನಪ್ಪ ಪುಟ್ಟರಾಜು, ಏನಂತು ನಿನ್ ಮಿಷನ್ನು? ಇಲಿಗಿಲಿ ಕಡಿದಿತ್ತಾ?”

ಬಾಯಿಗೆ ಬಂದ ತುತ್ತಿನಂತೆ ಇಲಿಯನ್ನು ತಂದು ಅವರೇ ಕೊಟ್ಟಿದ್ದರು. ಭಾಗ್ಯಮ್ಮ ಸ್ಟಿಯರಿಂಗ್ ಹಿಡಿದುಕೊಂಡೇ ನನ್ನ ಮುಖ ನೋಡುತ್ತಿದ್ದರು.

“ಇಲಿ ಅಲ್ಲ ಶಿವಮಲ್ಲಣ್ಣ, ನಾನೇ,” ಎಂದೆ. “ಆಯುಧಪೂಜೆ ಲೈಟ್ ಕಟ್ದಾಗ ಸೇರಿಸ್ಬಾರದ ವೈರ್ಗೆ ಸೇರ್ಸಿದ್ದೆ. ದೋಷ ಓಡ್ಸೋರಲ್ಲಿ ಅದೆ ಅಂದ್ನಲ್ಲ, ಅದು ಸುಳ್ಳು. ನನ್ ತಪ್ಪನ್ನೇ ಈಯಮ್ಮ ಓಡಿಸ್ಕಂಡು ಬಂದವ್ರೆ. ಅಷ್ಟ್ ಸಲ ನಡುದಾರೀಲಿ ಎಂಜಿನ್ ಆಫಾದ್ರೂ ಒಂದ್ ಕೂಸ್ಗಾದ್ರೂ ಒಂದ್ ಗೀರು ಬಿದ್ದದಾ ನೋಡಿ.”

ಶಿವಮಲ್ಲಪ್ಪನವರು ನನ್ನನ್ನೊಮ್ಮೆ, ವ್ಯಾನನ್ನೊಮ್ಮೆ ನೋಡಿದರು. ಆಮೇಲೆ ಮೊಮ್ಮಕ್ಕಳ ಬ್ಯಾಗು ಇಸಿದುಕೊಂಡು ಹೆಗಲಿಗೆ ಹಾಕಿಕೊಂಡರು. “ಸೋಮಾರ ಬೇಗ ಎದ್ದು ರೆಡಿಯಾಗ್ರವ್ವ. ಭಾಗ್ಯಮ್ಮನ್ನ ಕಾಯಿಸ್ಬೇಡಿ,” ಎಂದು ಅವರಿಗೆ ಹೇಳಿ ಹೊರಟರು. ಉಳಿದವರೂ ತಮ್ಮ ತಮ್ಮ ಮಕ್ಕಳ ಕೈ ಹಿಡಿದು, ಸೋಮವಾರ ಬರುತ್ತವಮ್ಮ ಎಂದು ಭಾಗ್ಯಮ್ಮನಿಗೆ ಹೇಳಿಕೊಂಡು ನಡೆದರು.

ನನ್ನನ್ನು ನರಸೀಪುರಕ್ಕೆ ವಾಪಸು ಬಿಡಬೇಕಿತ್ತಲ್ಲ, ಮುಂದಿನ ಸೀಟಿನಲ್ಲಿ ಮುದುಡಿ ಕುಳಿತೆ. ಭಾಗ್ಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಗಾಡಿ ಸ್ಟಾರ್ಟ್ ಮಾಡಿದರು.

“ಎರಡ್ ತಿಂಗ್ಳಿಂದ ನಾನು ದಿನಾ ಬೆಳಿಗ್ಗೆ ಈ ಅಮ್ಮನ್ನ ಬೈತಿದ್ದೆ ಕಣಣ್ಣ, ನಿನ್ಗೆ ಲೈಟ್ ಕಟ್ಟಿದ್ಕೆ ನನ್ಗೆ ಇಂಗ್ ಮಾಡ್ತೀಯಾ ಅಂತ,” ಎಂದರು. “ಬೈಬೇಕಾಗಿದ್ದು ನಿಮ್ಮನ್ನ.”

ಈಗ ಬಯ್ಯಿ ತಾಯಿ ಎಂದೆ. ಬೈದರು. ಕ್ಲಚ್ಚಿನ ಮಾತಿಗೆ ಒಂದಷ್ಟು, ಟೀ ಅಂಗಡಿಯ ಮಾತಿಗೆ ಒಂದಷ್ಟು, ಬಾಯಿ ತೆರೆದಾಗಲೆಲ್ಲ ಕೈಯೆತ್ತಿ ನಿಲ್ಲಿಸಿದ್ದಕ್ಕೆ ಇನ್ನೊಂದಷ್ಟು. ಮೂಗೂರಿನಿಂದ ನರಸೀಪುರದವರೆಗೆ ಅವರು ಬೈಯುತ್ತಲೇ ಇದ್ದರು, ಅಮ್ಮನ ಲೈಟು ಮಿನುಗುತ್ತಲೇ ಇತ್ತು, ಎಂಜಿನ್ನು ಒಂದು ಸಲವೂ ನಿಲ್ಲಲಿಲ್ಲ.